ಎರಡನೆಯ ಹುಟ್ಟಿನ ನಂತರ

ನಂಜನಗೂಡು ತಾಲ್ಲೂಕಿನ ಹೆಡತಲೆಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯವಿದೆ. ಮೂರು ಗರ್ಭಗುಡಿಗಳ ಆ ದೇವಾಲಯದ ಮಂಟಪವನ್ನು ಊರಿನವರು ಹದಿನಾರು ಮುಖದ ಚಾವಡಿ ಎನ್ನುತ್ತಾರೆ. ಅಲ್ಲಿ ಆಳಿದವನೊಬ್ಬನಿಗೆ ಹದಿನಾರು ಮಂದಿ ಅಳಿಯಂದಿರಿದ್ದರಂತೆ. ಯಾರೂ ಮುನಿಸಿಕೊಳ್ಳಬಾರದೆಂದು ಒಬ್ಬೊಬ್ಬ ಅಳಿಯನಿಗೂ ಒಂದೊಂದು ಮುಖದ ಜಾಗವನ್ನು ಕಟ್ಟಿಸಿಕೊಟ್ಟನಂತೆ. ಸ್ಥಳಪುರಾಣಗಳ ಲೆಕ್ಕಾಚಾರವನ್ನು ಹೆಚ್ಚು ಕೆದಕಬಾರದು. ಆದರೆ ಈ ಕಥೆಯಲ್ಲಿ ಯೋಚಿಸಬೇಕಾದ ಒಂದು ಅಂಶವುಂಟು. ಬಂದ ಅಳಿಯ ಎಲ್ಲಿ ಕೂರಬೇಕೆಂಬುದು ಅವನು ಬರುವ ಮೊದಲೇ ಕಲ್ಲಿನಲ್ಲಿ ತೀರ್ಮಾನವಾಗಿತ್ತು. ಅವನು ಮಾಡಬೇಕಾಗಿದ್ದುದು ಬಂದು ಕೂರುವುದಷ್ಟೆ.

ನಮ್ಮ ಹಳೆಯ ಸಮಾಜದಲ್ಲಿ ಬದುಕು ಬಹುಮಟ್ಟಿಗೆ ಹೀಗೇ ಇತ್ತು. ಯಾರ ಮಗ ಏನು ಕಲಿಯಬೇಕು, ಯಾರ ಮಗಳು ಎಷ್ಟನೇ ವಯಸ್ಸಿಗೆ ಯಾರ ಮನೆ ಸೇರಬೇಕು, ಯಾರು ಯಾರ ಹೊಲದಲ್ಲಿ ದುಡಿಯಬೇಕು, ಇವೆಲ್ಲ ಹುಟ್ಟಿನೊಡನೆಯೇ ಗೊತ್ತಾಗಿರುತ್ತಿದ್ದವು. ಹಾಗೆ ಗೊತ್ತಾದ ಜಾಗದಲ್ಲಿ ನೆಮ್ಮದಿಯೂ ಇತ್ತು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೂ ಒಮ್ಮೊಮ್ಮೆ ಒಬ್ಬರು ಆ ಜಾಗದಿಂದ ಎದ್ದು, ಇದೇ ನನ್ನ ಬದುಕೇ ಎಂದು ಕೇಳಿದ್ದುಂಟು. ಹನ್ನೆರಡನೆಯ ಶತಮಾನದ ಶರಣರು ಕೇಳಿದರು, ದಾಸರು ಕೇಳಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡನಾಡಿನ ಕೆಲವರು ಈ ಪ್ರಶ್ನೆಗೆ ಉತ್ತರವನ್ನು ಕ್ರಿಸ್ತನ ಬಳಿ ಹುಡುಕಿದರು. ಇಂದಿನ ಮಾತು ಅವರಲ್ಲಿ ಕೆಲವರನ್ನು ಕುರಿತದ್ದು. ಮತಾಂತರ ಸರಿಯೋ ತಪ್ಪೋ ಎಂಬ ಚರ್ಚೆ ಬೇಕಾದಷ್ಟು ನಡೆದಿದೆ, ಅದನ್ನು ಇಲ್ಲಿ ಮುಂದುವರಿಸುವ ಉದ್ದೇಶವಿಲ್ಲ. ಎದ್ದು ಹೊರಟವರು ಎಲ್ಲಿಗೆ ತಲುಪಿದರು, ಅಲ್ಲಿ ಅವರಿಗಾಗಿ ಏನು ಕಾದಿತ್ತು ಎಂಬುದು ಅದಕ್ಕಿಂತ ಕುತೂಹಲದ ಸಂಗತಿ.

ಇಂಥವರು ಇರಲು ಸಾಧ್ಯವೇ ಇಲ್ಲ ಎಂದು ಸಾರಿದ ಪಾದ್ರಿಯೊಬ್ಬರು ಮೈಸೂರು ಸೀಮೆಯಲ್ಲೇ ಇದ್ದರು. ಅವರು ಆಬೆ ದ್ಯುಬುವಾ. ಫ್ರಾನ್ಸಿನ ಮಹಾಕ್ರಾಂತಿಯ ಗಲಭೆಯ ದಿನಗಳಲ್ಲಿ, 1792ರಲ್ಲಿ ಪಾದ್ರಿಯಾಗಿ, ಅದೇ ವರ್ಷ ಭಾರತಕ್ಕೆ ಹೊರಟು ಬಂದವರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ಶ್ರೀರಂಗಪಟ್ಟಣದ ಸುತ್ತ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸುವ ಹೊಣೆ ಅವರ ಮೇಲೆ ಬಿತ್ತು. ಅವರು ಈ ನೆಲದ ಉಡುಪು ತೊಟ್ಟರು, ಮಾಂಸ ಬಿಟ್ಟರು, ಸಿಡುಬಿಗೆ ದೇವಿ ಹಾಕಿಸುವ ಕೆಲಸದಲ್ಲಿ ಓಡಾಡಿದರು. ಹಾಸನದ ಬಳಿ ಸತ್ತಿಹಳ್ಳಿಯಲ್ಲಿ ಕ್ರೈಸ್ತ ಒಕ್ಕಲುಗಳನ್ನು ನೆಲೆಗೊಳಿಸಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಇಷ್ಟೆಲ್ಲ ಮಾಡಿ, ಮೂವತ್ತು ವರ್ಷ ಕಳೆದ ಮೇಲೆ, 1823ರಲ್ಲಿ ಅವರು ಫ್ರಾನ್ಸಿಗೆ ಹಿಂದಿರುಗಿದರು. ಅದೇ ವರ್ಷ ಪ್ರಕಟವಾದ ಅವರ ಪತ್ರಗಳ ಸಾರ ಇಷ್ಟು: ಹಿಂದೂಗಳು ಮನವರಿಕೆಯಿಂದ ಕ್ರೈಸ್ತರಾಗುವ ಕಾಲ ಬರುವುದಿಲ್ಲ, ಕಳೆದುಕೊಳ್ಳಲು ಮಾನಮರ್ಯಾದೆ ಇರುವವನು ಬರುವುದಿಲ್ಲ, ಬಂದವನು ಬೇರೆ ಕಾರಣಕ್ಕೆ ಬಂದಿರುತ್ತಾನೆ.

ದ್ಯುಬುವಾ ಸುಳ್ಳು ಹೇಳುವ ಮನುಷ್ಯರಲ್ಲ. ತಾವು ಕಂಡದ್ದನ್ನು ಅವರು ಬರೆದರು. ಆದರೆ ಅವರು ಹೊರಟುಹೋದ ಇಪ್ಪತ್ತೊಂದು ವರ್ಷಕ್ಕೆ, ಘಟ್ಟದ ಕೆಳಗಿನ ಮಂಗಳೂರಿನಲ್ಲಿ, ಅವರ ಮಾತಿಗೆ ವಿರುದ್ಧವಾದ ಘಟನೆಯೊಂದು ನಡೆಯಿತು.

ಅಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಿಂದ ನೆಲೆಯೂರಿತ್ತು. ಬ್ರಿಟಿಷರಲ್ಲದ ಮಿಷನರಿಗಳೂ ಕಂಪೆನಿಯ ಸೀಮೆಯಲ್ಲಿ ಕೆಲಸ ಮಾಡಬಹುದೆಂದು 1833ರ ಸನ್ನದಿನಲ್ಲಿ ಅವಕಾಶ ಸಿಕ್ಕಿತ್ತು. ಮಿಷನ್ ಸ್ವಿಸ್ ಊರಿನದಾದರೂ ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗಿನವರು. ಅವರಲ್ಲೊಬ್ಬರು 1836ರಲ್ಲಿ ಬಂದ ಹೆರ್ಮನ್ ಮೊಗ್ಲಿಂಗ್. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಹೊರತಂದವರು ಎಂದು ಈ ಹೆಸರು ಪತ್ರಿಕೆ ಓದುವವರಿಗೆಲ್ಲ ಪರಿಚಿತ. ಮಿಷನರಿಗಳಲ್ಲಿ ಬಹಳ ಮಂದಿ ರೈತರ, ಕುಶಲಕರ್ಮಿಗಳ ಮನೆಯ ಹುಡುಗರು. ಮೊಗ್ಲಿಂಗ್ ಟ್ಯೂಬಿಂಗನ್ನಿನಲ್ಲಿ ದೈವಶಾಸ್ತ್ರ ಓದಿದವರು. ಅಂಥವರಿಗೆ ಊರಲ್ಲೊಂದು ಚರ್ಚು, ಒಂದು ಮನೆ, ಜೀವನಪೂರ್ತಿ ಸಂಬಳ, ಊರ ಜನರ ಗೌರವ ಕಾದಿರುತ್ತಿತ್ತು. ಅವರು ಅದನ್ನು ಬಿಟ್ಟು ಬಂದಿದ್ದರು. ಶಿಷ್ಯನ ಕಥೆ ಹೇಳುವಾಗ ಗುರುವಿನ ಈ ಕಥೆ ಮರೆಯಬಾರದು.

ಶಿಷ್ಯನ ಹೆಸರು ಆನಂದರಾವ್ ಕೌಂಡಿನ್ಯ. 1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ಹುಡುಗ. ತಂದೆ ನ್ಯಾಯಾಲಯದ ವಕೀಲರು. ಇಂಗ್ಲಿಷ್ ಕಲಿತರೆ ಮಗನಿಗೂ ಕಚೇರಿಯಲ್ಲಿ ಒಳ್ಳೆಯ ಜಾಗ ಸಿಗುತ್ತದೆ ಎಂಬುದು ಆ ಕಾಲದ ಎಲ್ಲ ವಕೀಲರ, ಶಿರಸ್ತೇದಾರರ ಲೆಕ್ಕ. ಅದಕ್ಕಾಗಿಯೇ ಮೇಲ್ಜಾತಿಯವರು ಮಕ್ಕಳನ್ನು ಮಿಷನ್ನಿನ ಇಂಗ್ಲಿಷ್ ಶಾಲೆಗೆ ಕಳುಹಿಸುತ್ತಿದ್ದರು. ಬೈಬಲ್ ಪಾಠ ಕಿವಿಗೆ ಬಿದ್ದರೆ ಬೀಳಲಿ, ಒಳಗಿಳಿಯುವುದಿಲ್ಲ ಎಂಬ ಧೈರ್ಯ ಅವರಿಗಿತ್ತು. ಬಹುತೇಕ ಹುಡುಗರ ವಿಷಯದಲ್ಲಿ ಅದು ನಿಜವೂ ಆಯಿತು. ಆನಂದರಾಯನ ವಿಷಯದಲ್ಲಿ ಆಗಲಿಲ್ಲ.

ಆ ಪಾಠದಲ್ಲಿ ಏನಿತ್ತು? ವ್ಯುರ್ಟೆಂಬರ್ಗಿನ ಭಕ್ತಿಪಂಥದವರು ಮತ್ತೆ ಮತ್ತೆ ಹೇಳುತ್ತಿದ್ದುದು ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದ ಪ್ರಸಂಗವನ್ನು. ನಿಕೋದೇಮ ಎಂಬ ಯೆಹೂದ್ಯ ಹಿರಿಯ, ಯಾರ ಕಣ್ಣಿಗೂ ಬೀಳದಂತೆ ರಾತ್ರಿ ಹೊತ್ತು ಯೇಸುವಿನ ಬಳಿ ಬರುತ್ತಾನೆ. ಹೊಸದಾಗಿ ಹುಟ್ಟದೆ ದೇವರ ರಾಜ್ಯ ಕಾಣಿಸದು ಎನ್ನುತ್ತಾನೆ ಯೇಸು. ಮುದುಕನಾದವನು ಹೇಗೆ ಹುಟ್ಟಿಯಾನು ಎಂದು ಆತ ತಬ್ಬಿಬ್ಬಾಗುತ್ತಾನೆ. ಬ್ರಾಹ್ಮಣ ಹುಡುಗನಿಗೆ ಎರಡನೆಯ ಹುಟ್ಟು ಎಂಬ ಮಾತು ಹೊಸದಲ್ಲ. ಉಪನಯನವಾದವನು ದ್ವಿಜ, ಎರಡು ಸಲ ಹುಟ್ಟಿದವನು. ಆದರೆ ಆ ಎರಡನೆಯ ಹುಟ್ಟನ್ನೂ ಮನೆಯವರೇ ಕೊಡುತ್ತಾರೆ. ಮುಹೂರ್ತ ಇಡುವವರು ಅವರು, ವಟು ಬರಿದೆ ಮಣೆಯ ಮೇಲೆ ಕೂರುತ್ತಾನೆ. ಜರ್ಮನ್ ಭಕ್ತರು ಹೇಳಿದ ಎರಡನೆಯ ಹುಟ್ಟನ್ನು ಯಾರೂ ಮಗನಿಗೆ ಮಾಡಿಸಿಕೊಡುವಂತಿರಲಿಲ್ಲ. ಅದು ಅವನವನೇ ಒಪ್ಪಬೇಕಾದದ್ದು, ಅವನೊಳಗೇ ನಡೆಯಬೇಕಾದದ್ದು. ಹದಿನೆಂಟರ ಹುಡುಗನಿಗೆ ಇದರ ಸೆಳೆತ ಎಷ್ಟಿದ್ದೀತೆಂದು ಊಹಿಸಬಹುದು. ಅವನ ಬದುಕಿನಲ್ಲಿ ಅವನನ್ನು ಕೇಳಿ ಮಾಡಿದ ಕೆಲಸ ಅದುವರೆಗೆ ಒಂದೂ ಇರಲಿಲ್ಲ, ಮದುವೆಯೂ ಸೇರಿದಂತೆ.

1844ರ ಜನವರಿ 6ರಂದು ಆನಂದರಾಯ ಇನ್ನಿಬ್ಬರು ಸಂಗಡಿಗರೊಡನೆ ದೀಕ್ಷಾಸ್ನಾನ ಪಡೆದ. ಊರೆಲ್ಲ ಕೋಲಾಹಲವಾಯಿತು. ಮಿಷನ್ ಶಾಲೆಯಿಂದ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಗುರುವಿನ ಹೆಸರನ್ನೇ ಇಟ್ಟುಕೊಂಡ ಹುಡುಗ ಇನ್ನು ಮುಂದೆ ಹೆರ್ಮನ್ ಆನಂದರಾವ್ ಕೌಂಡಿನ್ಯ. ಈ ಹೆಸರನ್ನೊಮ್ಮೆ ನಿಧಾನವಾಗಿ ಓದಿ ನೋಡಿ. ಮೊದಲನೆಯದು ಜರ್ಮನ್ ಗುರುವಿನದು, ಎರಡನೆಯದು ತಂದೆತಾಯಿ ಇಟ್ಟದ್ದು, ಮೂರನೆಯದು ಒಬ್ಬ ಋಷಿಯದು. ಬಿಟ್ಟುಬಂದೆ ಎಂದುಕೊಂಡದ್ದನ್ನೆಲ್ಲ ಬಿಡಲಾಗುವುದಿಲ್ಲ.

ಬಿಟ್ಟದ್ದರ ಲೆಕ್ಕವೂ ದೊಡ್ಡದೇ. ಪತಿತನಾದ ಮಗನಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ ಎಂಬುದು ಧರ್ಮಶಾಸ್ತ್ರದ ಮಾತು. ಬದುಕಿರುವಾಗಲೇ ಅಂಥವನ ಹೆಸರಿನಲ್ಲಿ ಘಟಶ್ರಾದ್ಧ ಮಾಡುವ ಪದ್ಧತಿಯೂ ಇತ್ತು. ಮತ ಬಿಟ್ಟವನ ಆಸ್ತಿಯ ಹಕ್ಕು ತಪ್ಪಬಾರದೆಂದು ಕಂಪೆನಿ ಸರಕಾರ ಕಾಯಿದೆ ಮಾಡಿದ್ದು 1850ರಲ್ಲಿ. ಆಗ ಆನಂದರಾಯರು ದೀಕ್ಷೆ ಪಡೆದು ಆರು ವರ್ಷವಾಗಿತ್ತು. ಇನ್ನು ಹೆಂಡತಿ. ಚಿಕ್ಕಂದಿನಲ್ಲಿ ಮದುವೆಯಾಗಿದ್ದ ಆಕೆ ಗಂಡನ ಹಿಂದೆ ಬರಲಿಲ್ಲ. ಮತಾಂತರ ಹೊಂದಿದವರ ಇಂಥ ಮದುವೆಗಳನ್ನು ಬಿಡಿಸುವ ಕಾಯಿದೆ ಬಂದದ್ದು 1866ರಲ್ಲಿ. ಗಂಡನ ಧೈರ್ಯವನ್ನು ಹೊಗಳುವ ಮಿಷನ್ನಿನ ಬರಹಗಳು ಬೇಕಾದಷ್ಟಿವೆ. ಗಂಡ ಬದುಕಿದ್ದೂ ಇಲ್ಲದಂತಾಗಿ, ಮನೆಯ ಹಿತ್ತಿಲಲ್ಲಿ ಉಳಿದುಹೋದ ಹುಡುಗಿಗೆ ಆ ಧೈರ್ಯದಿಂದ ಏನು ಸಿಕ್ಕಿತು? ದಾರಿಯನ್ನು ಪ್ರಶ್ನಿಸುವ ಅವಕಾಶ ಗಂಡನಿಗಿತ್ತು. ಆಕೆಯ ದಾರಿಯನ್ನು ಮೊದಲು ಇಬ್ಬರ ಮನೆಯ ಹಿರಿಯರು, ಆಮೇಲೆ ಗಂಡನ ನಿರ್ಧಾರ ಗೊತ್ತುಮಾಡಿದವು.

1846ರಲ್ಲಿ ಮೊಗ್ಲಿಂಗ್ ತಮ್ಮೊಡನೆ ಆನಂದರಾಯರನ್ನು ಬಾಸೆಲ್ಲಿಗೆ ಕರೆದೊಯ್ದರು. ಅಲ್ಲಿನ ಸೆಮಿನರಿಯಲ್ಲಿ ಐದು ವರ್ಷ ಓದಿ, 1851ರಲ್ಲಿ ಪಾದ್ರಿಪಟ್ಟ ಪಡೆದು ಅವರು ಹಿಂದಿರುಗಿದರು. ಬಾಸೆಲ್ ಮಿಷನ್ನಿನಲ್ಲಿ ಯುರೋಪಿಯನ್ನರ ಸರಿಸಮಾನವಾಗಿ ಮಿಷನರಿ ಎನಿಸಿಕೊಂಡ ಮೊದಲ ಭಾರತೀಯರು ಅವರೇ. 1860ರಲ್ಲಿ ಜರ್ಮನಿಯಿಂದ ಬಂದ ಮರೀ ರೈನ್‌ಹಾರ್ಟ್ ಅವರನ್ನು ಮದುವೆಯಾದರು. 1857ರ ದಂಗೆಯ ಕಾವು ಆರದಿದ್ದ ಕಾಲದಲ್ಲಿ ಜರ್ಮನ್ ಹೆಣ್ಣು, ಮಂಗಳೂರಿನ ಗಂಡು! ಆಗಿನ ಇಂಗ್ಲಿಷ್ ಸಮಾಜದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ.

ಇಷ್ಟಾದ ಮೇಲೆ ಪ್ರಶ್ನೆ ತೀರಬೇಕಾಗಿತ್ತು. ತೀರಲಿಲ್ಲ. ಹೊಸ ಮನೆಯಲ್ಲೂ ಜಾಗಗಳು ಮೊದಲೇ ಗೊತ್ತಾಗಿದ್ದವು. ಜಾತಿ ಬಿಟ್ಟು ಬಂದವನಿಗೆ ಉಳಲು ಭೂಮಿಯಿಲ್ಲ, ಕುಲಕಸುಬಿಲ್ಲ, ಬಾಡಿಗೆಗೆ ಮನೆಯಿಲ್ಲ. ಅವನ ಅನ್ನದ ಹೊಣೆ ಮಿಷನ್ನಿನದಾಯಿತು. ಬಾಸೆಲ್ ಮಿಷನ್ನಿನ ಮುದ್ರಣಾಲಯ, ನೇಯ್ಗೆ ಕಾರ್ಖಾನೆ, 1865ರಲ್ಲಿ ಆರಂಭವಾದ ಹಂಚಿನ ಕಾರ್ಖಾನೆ ಇವುಗಳ ಹಿಂದೆ ವ್ಯಾಪಾರದ ಜಾಣತನಕ್ಕಿಂತ ಈ ಇಕ್ಕಟ್ಟು ಹೆಚ್ಚಾಗಿತ್ತು. ಮಂಗಳೂರು ಹಂಚಿನ ಮಾಡಿನ ಕೆಳಗೆ ಮಲಗಿದವರಿಗೆ ಆ ಹಂಚಿನ ಈ ಕಥೆ ಗೊತ್ತಿರುವುದು ಅಪರೂಪ. ಆದರೆ ಕಾರ್ಖಾನೆ ಎಂದಮೇಲೆ ಗಂಟೆ ಬಾರಿಸುತ್ತದೆ. ಕೆಲಸ, ಪ್ರಾರ್ಥನೆ, ಶಾಲೆ, ಮದುವೆ ಎಲ್ಲಕ್ಕೂ ಹಿರಿಯರ ಕಣ್ಗಾವಲು. ಯುರೋಪಿನಿಂದ ಬಂದ ಮಿಷನರಿಗೂ ಬಿಡುಗಡೆಯಿರಲಿಲ್ಲ. ಯಾರು ಎಲ್ಲಿರಬೇಕು, ಯಾರು ಯಾವಾಗ ಮದುವೆಯಾಗಬಹುದು ಎಂಬುದಕ್ಕೆ ಬಾಸೆಲ್ಲಿನ ಸಮಿತಿಯ ಕಾಗದ ಬರಬೇಕು. ನಿಘಂಟುಕಾರ ಕಿಟ್ಟೆಲ್ ಸಾಹೇಬರು ಕಾಲ್ನಡಿಗೆಯಲ್ಲಿ ಅಲೆದು, ಜನರಂತೆ ಬದುಕಿ, ಷಟ್ಪದಿಯಲ್ಲಿ ಕ್ರಿಸ್ತನ ಕಥೆ ಬರೆಯಹೊರಟಾಗ ಹಿರಿಯರ ಮುಖ ಗಂಟಿಕ್ಕಿತ್ತು.

ಆನಂದರಾಯರ ಬದುಕಿಗೆ ಗುರಿ ಎಂಬುದೊಂದು ಕಾಣಿಸಿದ್ದು ಮಂಗಳೂರಿನ ಮಿಷನ್ ಬಂಗಲೆಯಲ್ಲಲ್ಲ, ಕೊಡಗಿನ ಕಾಡಿನಲ್ಲಿ. ಅದಕ್ಕೆ ಕಾರಣ ಇನ್ನೊಬ್ಬ ಎದ್ದು ಹೊರಟವರು. ಸೋಮಯ್ಯ ಎಂಬ ಕೊಡವರು ಮಂಗಳೂರಿಗೆ ಬಂದು ದೀಕ್ಷೆ ಪಡೆದು ಸ್ತೆಫಾನ ಸೋಮಯ್ಯರಾಗಿದ್ದರು. ಕೊಡಗಿನ ಒಕ್ಕದ ಮನೆಯಲ್ಲಿ ಸತ್ತ ಹಿರಿಯರಿಗೂ ಜಾಗವುಂಟು; ಗುರುಕಾರಣರನ್ನು ಬಿಟ್ಟವನು ಆ ಮನೆಯ ನಡುಮನೆಯಲ್ಲಿ ನಿಲ್ಲುವುದು ಸುಲಭವಲ್ಲ. ಅವರ ಜೊತೆ ನಿಲ್ಲಲು ಮೊಗ್ಲಿಂಗ್ 1853ರಲ್ಲಿ ಘಟ್ಟ ಹತ್ತಿದರು, ಅದೂ ಬಾಸೆಲ್ ಸಮಿತಿಯ ಒಪ್ಪಿಗೆಗೆ ಕಾಯದೆ. ಅವರು ನಿರೀಕ್ಷಿಸಿದ್ದು ಕೊಡವರನ್ನು. ಬಾಗಿಲಿಗೆ ಬಂದವರು ಹೊಲೆಯರು.

ಕೊಡಗಿನಲ್ಲಿ ಭೂಮಿಯ ಜೊತೆಗೇ ಕೈ ಬದಲಾಗುತ್ತಿದ್ದ ಜೀತದ ಆಳುಗಳು ಅವರು. 1843ರ ಕಾಯಿದೆಯಿಂದ ಕಾಗದದಲ್ಲಿ ಬಿಡುಗಡೆಯಾಗಿತ್ತು. ಹೊಟ್ಟೆಗೆ ಬೇರೆ ದಾರಿಯಿಲ್ಲದವನು ಬಿಡುಗಡೆಯಾಗಿ ಎಲ್ಲಿಗೆ ಹೋದಾನು? ಹಳೆಯ ಒಡೆಯನ ಗದ್ದೆಯಲ್ಲೇ ಇದ್ದುಕೊಂಡು ಬೇರೆ ದೇವರನ್ನು ಪೂಜಿಸುವಂತಿಲ್ಲ. ಹಾಗಾಗಿ ಅವರಿಗೆ ಮೊದಲು ಬೇಕಾಗಿದ್ದುದು ನಿಲ್ಲಲು ನೆಲ. 1850ರ ದಶಕದ ಕೊನೆಗೆ ದಕ್ಷಿಣ ಕೊಡಗಿನಲ್ಲಿ ಕಾಡು ಕಡಿದು ಅವರಿಗಾಗಿ ಒಂದು ಹಳ್ಳಿಯನ್ನು ಎಬ್ಬಿಸಲಾಯಿತು. ಕೌಂಡಿನ್ಯರು ಅದಕ್ಕೆ ಬೆನ್ನೆಲುಬಾದರು, ಹಳ್ಳಿ ಆನಂದಪುರವಾಯಿತು. 1854ರಿಂದ ಕೊಡಗಿನಲ್ಲಿ ಕಾಫಿ ತೋಟಗಳು ಏಳತೊಡಗಿದ್ದವು. ಆ ಬೆಳೆಯನ್ನೇ ನೆಚ್ಚಿಕೊಂಡು ಆನಂದಪುರದ ತೋಟವೂ ಬೆಳೆಯಿತು.

ಮಂಗಳೂರಿನ ವಕೀಲರ ಮಗ, ಉಪನಯನವಾದ ಸಾರಸ್ವತ, ಬಾಸೆಲ್ಲಿನಲ್ಲಿ ಓದಿದವರು, ಹೊಲೆಯರ ನಡುವೆ ತೋಟ ಮಾಡಿಕೊಂಡು ಕೂತರು. ಹುಟ್ಟಿದ ಮನೆಯವರು ಹಾಕಿಟ್ಟ ದಾರಿ ಇದಲ್ಲ. ಮಿಷನ್ ಹಾಕಿಟ್ಟ ದಾರಿಯೂ ಇದಲ್ಲ. ಪಾದ್ರಿ ಉಪದೇಶ ಮಾಡಬೇಕು, ಕಾಫಿ ಬೆಲೆ ನೋಡುತ್ತ ಕೂರಬಾರದು ಎನ್ನುವವರು ಅಲ್ಲಿದ್ದರು. ಅವರ ಆಕ್ಷೇಪದಲ್ಲಿ ಹುರುಳಿಲ್ಲದಿರಲಿಲ್ಲ. ತೋಟದ ಒಡೆಯ ಮತ್ತು ಪಾದ್ರಿ ಒಬ್ಬರೇ ಆದರೆ ಆಳು ಯಾರ ಬಳಿ ದೂರು ಹೇಳಬೇಕು? ದಯೆಯುಳ್ಳ ಒಡೆಯನೂ ಒಡೆಯನೇ. ಆದರೂ ಕೌಂಡಿನ್ಯರು ಕೆಲವು ದಿನ ಉಪಕಾರ ಮಾಡಿ ಇಳಿದುಹೋದವರಲ್ಲ. 1893ರಲ್ಲಿ ತೀರಿಕೊಳ್ಳುವ ತನಕ ಅವರ ಹೆಸರು ಆ ಹಳ್ಳಿಯ ಜೊತೆಗೇ ಬೆಸೆದುಕೊಂಡಿತ್ತು.

ಕೌಂಡಿನ್ಯರ ಮನೆಯಲ್ಲಿ ಉಳಿದುಹೋದ ಹುಡುಗಿ ಕೇಳಲಾಗದ ಪ್ರಶ್ನೆಯನ್ನು ಇನ್ನೊಬ್ಬ ಬ್ರಾಹ್ಮಣ ಹೆಣ್ಣುಮಗಳು ಕೇಳಿದರು. ಪಂಡಿತಾ ರಮಾಬಾಯಿ ಎಂದರೆ ಪುಣೆ, ಮುಂಬಯಿ ನೆನಪಾಗುವುದು ಸಹಜ. ಆದರೆ ಆಕೆ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸುತ್ತಾರೆಂದು ವಿದ್ವಾಂಸರ ಸಭೆಗೆ ಉತ್ತರ ಕೊಡಬೇಕಾಗಿ ಬಂದವರು, ಕಾಡಿನಲ್ಲಿ ಆಶ್ರಮ ಕಟ್ಟಿ ಕೂತವರು. ಮಗಳಿಗೂ ಸಂಸ್ಕೃತ ಬಂತು. ಹಣ ಕರಗಿದ ಮೇಲೆ ಸಂಸಾರ ಪುರಾಣ ಹೇಳುತ್ತ ದೇಶವೆಲ್ಲ ಅಲೆಯಿತು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ತೀರಿಕೊಂಡರು. ವ್ರತ ಬಿಡದೆ, ದಾನ ಬಿಡದೆ ಹಸಿವಿನಿಂದ ಸತ್ತವರನ್ನು ಕಂಡ ಹುಡುಗಿಗೆ ಆ ವ್ರತಗಳ ಮೇಲಿನ ನಂಬಿಕೆ ಉಳಿಯಲಿಲ್ಲ.

1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಆಕೆಗೆ ಪಂಡಿತೆ, ಸರಸ್ವತಿ ಎಂಬ ಬಿರುದು ಕೊಟ್ಟರು. ಹೆಣ್ಣು ವೇದ ಓದಬಾರದೆಂದು ನಂಬಿದ್ದ ಆಕೆಯ ಕೈಗೆ ಬ್ರಹ್ಮಸಮಾಜದ ಕೇಶವಚಂದ್ರ ಸೇನರು ವೇದದ ಪುಸ್ತಕವನ್ನೇ ಇಟ್ಟರು. ಆಕೆ ಧರ್ಮಶಾಸ್ತ್ರಗಳನ್ನೂ ಓದಿದರು. ಎಲ್ಲದರಲ್ಲೂ ಭಿನ್ನಮತವಿರುವ ಆ ಗ್ರಂಥಗಳು ಹೆಣ್ಣನ್ನು ಕೀಳೆನ್ನುವುದರಲ್ಲಿ ಮಾತ್ರ ಒಮ್ಮತದಿಂದಿವೆ ಎಂಬುದು ಓದಿ ಮುಗಿಸಿದ ಆಕೆಯ ತೀರ್ಪು. 1880ರಲ್ಲಿ ಬೇರೆ ಜಾತಿಯ ಬಂಗಾಳಿ ವಕೀಲರನ್ನು ಮದುವೆಯಾದರು, 1882ರಲ್ಲಿ ಕೈಗೂಸಿನೊಡನೆ ವಿಧವೆಯಾದರು, 1883ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಫುಲ್ಹಮ್‌ನಲ್ಲಿ, ದಾರಿ ತಪ್ಪಿದವರೆಂದು ಸಮಾಜ ತಳ್ಳಿದ ಹೆಂಗಸರನ್ನು ಕ್ರೈಸ್ತ ಸಂನ್ಯಾಸಿನಿಯರು ಉಪಚರಿಸುವುದನ್ನು ಕಂಡರು. ಹೀಗೇಕೆ ಮಾಡುತ್ತೀರಿ ಎಂದು ಕೇಳಿದಾಗ ಅವರು ಸಮಾರ್ಯದ ಹೆಂಗಸು ಬಾವಿಯ ಬಳಿ ಯೇಸುವನ್ನು ಕಂಡ ಕಥೆಯನ್ನು ತೋರಿಸಿದರು. ಆ ವರ್ಷದ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ದೀಕ್ಷಾಸ್ನಾನವಾಯಿತು.

ಆಕೆಯ ಜಗಳ ಶುರುವಾದದ್ದು ಆಮೇಲೆ. ಪುಣೆಯ ಸನಾತನಿಗಳ ಜೊತೆ ಜಗಳ ನಿರೀಕ್ಷಿತವೇ. ಆಕೆ ತನ್ನನ್ನು ಬರಮಾಡಿಕೊಂಡ ಸಂನ್ಯಾಸಿನಿಯರ ಜೊತೆಗೂ ವಾದಕ್ಕೆ ನಿಂತರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಾಗಬಾರದು ಎಂದು ಕೇಳಿದರು. ಒಂದು ಚರ್ಚಿನ ಸಿದ್ಧಾಂತವನ್ನು ಕಣ್ಣುಮುಚ್ಚಿ ನುಂಗಲು ಒಪ್ಪಲಿಲ್ಲ. ಬ್ರಾಹ್ಮಣ ಪುರೋಹಿತರ ನೊಗ ಇಳಿಸಿ ಬಂದದ್ದು ಇನ್ನೊಬ್ಬ ಪುರೋಹಿತರ ನೊಗ ಹೊರಲು ಅಲ್ಲ ಎಂಬುದು ಅವರ ಪತ್ರಗಳ ಧಾಟಿ. ದೀಕ್ಷೆಯ ದಿನ ತನಗೆ ದೊರೆತದ್ದು ಕ್ರೈಸ್ತಮತ, ಕ್ರಿಸ್ತನು ದೊರೆತದ್ದು ಸುಮಾರು ಎಂಟು ವರ್ಷದ ಮೇಲೆ ಎಂದು ಆಕೆಯೇ ಮುಂದೆ ಬರೆದರು. ಮತ ಬದಲಾಯಿಸಿದವರು ಇಷ್ಟು ಪ್ರಾಮಾಣಿಕವಾಗಿ ಹೇಳುವುದು ವಿರಳ.

1889ರಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಹುಡುಗಿಯರನ್ನು ಕ್ರೈಸ್ತರಾಗಿಸುತ್ತಾರೆಂಬ ಆಪಾದನೆ ಬಂದು 1893ರಲ್ಲಿ ರಾನಡೆ, ಭಂಡಾರಕರರಂಥ ಹಿತೈಷಿಗಳೂ ದೂರವಾದರು. ಪುಣೆಯ ಹತ್ತಿರದ ಕೇಡಗಾಂವಿನ ಮುಕ್ತಿ ಸದನಕ್ಕೆ 1897ರ, 1900ರ ಬರಗಳಲ್ಲಿ ನೂರಾರು ಅನಾಥ ಹೆಣ್ಣುಮಕ್ಕಳು ಬಂದರು. ಮಗಳು ಮನೋರಮೆ ತಾಯಿಯ ಕೆಲಸಕ್ಕೆ ಹೆಗಲು ಕೊಟ್ಟಳು. 1912ರ ಹೊತ್ತಿಗೆ ಆಗಿನ ನಿಜಾಮರ ಸೀಮೆಯ ಕಲಬುರ್ಗಿಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಕನ್ನಡದ ಕಾಡಿನಲ್ಲಿ ಹುಟ್ಟಿದ ಬದುಕಿನ ಒಂದು ಎಳೆ ಹೀಗೆ ಕನ್ನಡದ ಬಯಲಿಗೆ ಮರಳಿತು. ಮಗಳು 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡಳು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತರುವ ಕೆಲಸ ಮುಗಿಸಿ ರಮಾಬಾಯಿ 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದರು.

ಇನ್ನೊಬ್ಬರ ಕಥೆ ಇದಕ್ಕೆ ತಿರುಗುಮುರುಗಾದದ್ದು. ಎದ್ದು ಬಂದವರ ಮಕ್ಕಳು ಮೊಮ್ಮಕ್ಕಳಿಗೆ ಕ್ರೈಸ್ತಮತವೇ ಹುಟ್ಟಿನಿಂದ ಬಂದ ಜಾಗವಾಯಿತಲ್ಲ, ಅವರೇನು ಮಾಡಬೇಕು? 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಮಡಿಲಲ್ಲೇ ಬೆಳೆದವರು, ಅಲ್ಲಿಯೇ ಪಾದ್ರಿಯಾದವರು. ಹಳ್ಳಿ ಹಳ್ಳಿ ಸುತ್ತಿ ಸುವಾರ್ತೆ ಸಾರುವುದು ಅವರ ಉದ್ಯೋಗ. ಸುತ್ತುವಾಗ ಜನರ ಬಾಯಲ್ಲಿ ಸರ್ವಜ್ಞನ ತ್ರಿಪದಿಗಳು ಕಿವಿಗೆ ಬಿದ್ದವು. ಜನಕ್ಕೆ ಹೇಳಲು ಹೋದವರು ಜನ ಹೇಳುವುದನ್ನು ಬರೆದುಕೊಳ್ಳಲು ಕೂತರು. ಮಠಗಳ ಓಲೆಗರಿ, ಭಿಕ್ಷುಕರ ಹಾಡು, ಮುದುಕರ ನೆನಪು, ಯಾವುದನ್ನೂ ಬಿಡಲಿಲ್ಲ. 1924ರಲ್ಲಿ ಅವರ ಸರ್ವಜ್ಞನ ವಚನಗಳ ಸಂಗ್ರಹ ಹೊರಬಂತು. ಆಮೇಲೆ ಶರಣರ ಕಡೆ ತಿರುಗಿ ಅನುಭವ ಮಂಟಪದ ಚರಿತ್ರೆಯನ್ನು ಶೋಧಿಸಿದರು.

ಕ್ರೈಸ್ತರಲ್ಲಿ ಕೆಲವರಿಗೆ ಅವರು ಅರೆಹಿಂದೂ ಆಗಿ ಕಂಡರೆ, ಹಿಂದೂಗಳಲ್ಲಿ ಕೆಲವರಿಗೆ ಎಷ್ಟಾದರೂ ಪಾದ್ರಿಯಾಗಿ ಕಂಡರು. ಅವರು ಕ್ರಿಸ್ತನನ್ನು ಬಿಡಲಿಲ್ಲ, ಸರ್ವಜ್ಞನನ್ನೂ ಬಿಡಲಿಲ್ಲ. ತಮ್ಮನ್ನು ತಿರುಳ್ಗನ್ನಡದ ತಿರುಕ ಎಂದು ಕರೆದುಕೊಂಡರು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮರುವರ್ಷ, 1949ರಲ್ಲಿ, ಮನೋರಮೆಯ ಶಾಲೆ ಇದ್ದ ಅದೇ ಕಲಬುರ್ಗಿಯಲ್ಲಿ ಮೂವತ್ತೆರಡನೆಯ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿದಾಗ ಅಧ್ಯಕ್ಷರ ಪೀಠದಲ್ಲಿ ಕೂತವರು ಈ ಪಾದ್ರಿಗಳು.